ಕ್ಲಿನಿಕ್‌ಗೆ ಸಾಫ್ಟ್‌ವೇರ್: ಹಳೇ ಫೈಲುಗಳನ್ನು ಏನು ಮಾಡೋದು?

ಪ್ರಶ್ನೆ: ಸರ್, ನಾವಿಬ್ಬರು ಡಾಕ್ಟರ್‌ಗಳು ನಡೆಸುವ ಚಿಕ್ಕ ಕ್ಲಿನಿಕ್ ಇದೆ. ಈಗ ಸಾಫ್ಟ್‌ವೇರ್ ಹಾಕಿಸುತ್ತಿದ್ದೇವೆ. ಕಪಾಟು ತುಂಬಾ ಇರುವ ಹಳೇ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಕಾ? ಇನ್ನೊಂದು, ಟೈಪ್ ಮಾಡುತ್ತಾ ಕೂತರೆ ರೋಗಿಯ ಮುಖ ನೋಡುವುದು ಯಾವಾಗ?

ಉತ್ತರ: ಎಲ್ಲವನ್ನೂ ಸ್ಕ್ಯಾನ್ ಮಾಡಿಸಬೇಡಿ. ಸ್ಕ್ಯಾನ್ ಅಂದರೆ ಬರೀ ಫೋಟೋ ಅಷ್ಟೇ. ಅದರಲ್ಲಿ ‘ಪೆನಿಸಿಲಿನ್ ಅಲರ್ಜಿ’ ಅಂತ ನೀವೇ ಕೆಂಪು ಇಂಕಿನಲ್ಲಿ ಬರೆದಿದ್ದರೂ ಸಾಫ್ಟ್‌ವೇರ್‌ಗೆ ಗೊತ್ತಾಗಲ್ಲ. ಅದೇ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಬರೆದರೆ ಸುಮ್ನೆ ಪ್ರಿಂಟ್ ಕೊಟ್ಟುಬಿಡುತ್ತದೆ. ಅದಕ್ಕೇ ರೋಗಿ ಮುಂದಿನ ಸಲ ಬಂದಾಗ ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ದೊಡ್ಡ ಕಾಯಿಲೆಗಳು, ಇಷ್ಟನ್ನು ಮಾತ್ರ ಟೈಪ್ ಮಾಡಿ ತುಂಬಿಸಿ. ಬಿಪಿ, ಶುಗರ್ ಇರುವವರಿಂದ ಶುರು ಮಾಡಿ. ಅವರು ಹೇಗೂ ಮತ್ತೆ ಮತ್ತೆ ಬರುವವರು. ಹಳೇ ಫೈಲು ಕಪಾಟಿನಲ್ಲೇ ಇರಲಿ.

ಇನ್ನು ಮುಖ ನೋಡುವ ವಿಷಯ. ಸ್ಕ್ರೀನನ್ನು ನಿಮ್ಮ ಮತ್ತು ರೋಗಿಯ ನಡುವೆ ಇಡಬೇಡಿ, ಮೇಜಿನ ಪಕ್ಕಕ್ಕೆ ಸರಿಸಿ ರೋಗಿಗೂ ಕಾಣುವ ಹಾಗೆ ತಿರುಗಿಸಿ. ‘ಈ ಮಾತ್ರೆ ನಿಲ್ಲಿಸಿ ತಿಂಗಳಾಯ್ತಲ್ಲ’ ಅಂತ ಅವರೇ ತಿದ್ದುತ್ತಾರೆ. (ಹಿಂದಿನವರ ಫೈಲು ಮುಚ್ಚಿದೆಯಾ ನೋಡಿಕೊಳ್ಳಿ!) ಅವರು ತೊಂದರೆ ಹೇಳಿ ಮುಗಿಸುವ ತನಕ ಕೀಬೋರ್ಡ್ ಮುಟ್ಟಲೇಬೇಡಿ.

ಪ್ರಶ್ನೆ: ಔಷಧ ಬರೆದಾಗಲೆಲ್ಲ ಎಚ್ಚರಿಕೆ ಬರುತ್ತಲೇ ಇರುತ್ತದೆ ಸರ್. ಆಫ್ ಮಾಡಿಬಿಡಲಾ?

ಉತ್ತರ: ಪೂರ್ತಿ ಬೇಡ. ಆದರೆ ಜಾಸ್ತಿ ಬಂದರೂ ಕಷ್ಟವೇ. ಓದದೇ ‘ಓಕೆ’ ಒತ್ತುವುದು ರೂಢಿಯಾಗುತ್ತದೆ. ಆಗ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗೆ, ರಕ್ತಸ್ರಾವದ ಅಪಾಯ ಹೆಚ್ಚಿಸುವ ನೋವಿನ ಮಾತ್ರೆ ಐಬುಪ್ರೊಫೇನ್ ಬರೆದಾಗ ಬರುವ ಎಚ್ಚರಿಕೆಯೂ ಹಾಗೇ ಹೋಗಿಬಿಡುತ್ತದೆ. ಸಣ್ಣಪುಟ್ಟವನ್ನು ಮುಚ್ಚಿ, ಅಲರ್ಜಿ ಮತ್ತು ಗಂಭೀರವಾದವು ಮಾತ್ರ ಕಾಣುವ ಹಾಗೆ ಸೆಟ್ಟಿಂಗ್ ಮಾಡಿಸಿ.

ಪ್ರಶ್ನೆ: ಮನೆಯಲ್ಲಿ ನೋಡಿದ ಬಿಪಿಯನ್ನು ಫೋನ್‌ಗೆ ಕಳಿಸುತ್ತಾರೆ. ನಂಬಬಹುದಾ?

ಉತ್ತರ: ತೋಳಿಗೆ ಪಟ್ಟಿ ಕಟ್ಟುವ, ಪರೀಕ್ಷೆಯಲ್ಲಿ ಪಾಸಾದ ಯಂತ್ರವಾದರೆ ಖಂಡಿತ. ಡಾಕ್ಟರ್ ಮುಂದೆ ಕೂತ ಕೂಡಲೇ ಬಿಪಿ ಏರುವವರಿಗೆ ಮನೆಯ ಲೆಕ್ಕವೇ ವಾಸಿ. ಆದರೆ ಕ್ಲಿನಿಕ್‌ನಲ್ಲಿ 140/90 ಗಡಿ ಅಂತಿಟ್ಟುಕೊಂಡರೆ ಮನೆಯಲ್ಲಿ ಅದು 135/85, ಇದನ್ನು ಮರೆಯಬೇಡಿ. ಪಟ್ಟಿಯೇ ಇಲ್ಲದ ವಾಚ್ ತೋರಿಸುವ ಬಿಪಿ ನೋಡಿ ನಾನಂತೂ ಮಾತ್ರೆ ಬದಲಿಸಲ್ಲ. ಬಂದ ಲೆಕ್ಕವನ್ನು ರೋಗಿಯ ದಾಖಲೆಗೆ ಯಾರು ಸೇರಿಸುತ್ತಾರೆ, ಯಾವ ಹೊತ್ತಿಗೆ ನೋಡುತ್ತಾರೆ ಅನ್ನುವುದನ್ನು ಮೊದಲೇ ಗೊತ್ತುಮಾಡಿ. ಎದೆನೋವಿಗೆ ಮೆಸೇಜ್ ಮಾಡಿ ಕಾಯಬಾರದು ಅಂತಲೂ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಕೊಳ್ಳುವ ಮೊದಲು ಕಂಪನಿಯವರನ್ನು ಏನು ಕೇಳಬೇಕು?

ಉತ್ತರ: ‘ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ದಾಖಲೆ ಹೇಗೆ ಕೊಡುತ್ತೀರಿ?’ ಬರೀ ಪಿಡಿಎಫ್ ಅಂದರೆ ಮತ್ತದೇ ಫೋಟೋ ಕಥೆ. ಬೇರೆ ಸಾಫ್ಟ್‌ವೇರ್ ಕೂಡ ಓದಬಲ್ಲ ಹಾಗೆ ಆರೋಗ್ಯ ದಾಖಲೆ ಕೊಡುವ ಎಫ್‌ಎಚ್‌ಐಆರ್ (FHIR) ಮಾನದಂಡದಲ್ಲಿ ಕೊಡುತ್ತೀರಾ ಅಂತ ಕೇಳಿ, ಡೆಮೋದಲ್ಲೇ ಒಬ್ಬ ಕಾಲ್ಪನಿಕ ರೋಗಿಯ ಫೈಲು ಹೊರತೆಗೆದು ತೋರಿಸಲು ಹೇಳಿ.