ಮಗ್ ಮುದ್ರಣದಲ್ಲಿ ಎಲ್ಲ ಕಡೆ ಸಮನಾಗಿ ತಗುಲದ ಕಾವಿಗೆ ಏನೆನ್ನಬೇಕು?

ಮಾನ್ಯರೇ,

ಬೆಂಗಳೂರಿನ ಸುಲ್ತಾನ್‌ಪೇಟೆಯ ಮುದ್ರಣದಂಗಡಿಯೊಂದರ ಕೆಲಸಗಾರರಿಗಾಗಿ ಮಗ್ ಪ್ರೆಸ್ (ಕಾವು ಕೊಟ್ಟು ಮಗ್‌ನ ಮೇಲೆ ಚಿತ್ರ ಮೂಡಿಸುವ ಯಂತ್ರ) ಬಳಕೆಯ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ದೋಷ ಮತ್ತು ಪರಿಹಾರದ ಭಾಗದಲ್ಲಿ ಬರವಣಿಗೆ ಒಂದು ಪದಕ್ಕಾಗಿ ನಿಂತಿದೆ. ಮಗ್‌ನ ಒಂದು ಭಾಗಕ್ಕೆ ಬೇಕಾದಷ್ಟು ಕಾವು ತಗುಲಿ, ಅದೇ ಹೊತ್ತಿನಲ್ಲಿ ಇನ್ನೊಂದು ಭಾಗಕ್ಕೆ ಸಾಲದೆ ಹೋಗುವ ಸ್ಥಿತಿಯನ್ನು ಕನ್ನಡದಲ್ಲಿ ಚುಟುಕಾಗಿ ಏನೆಂದು ಕರೆಯಬಹುದು?

ಕೆಲಸದ ಸ್ವರೂಪವನ್ನು ಹೇಳದಿದ್ದರೆ ಪ್ರಶ್ನೆ ಸ್ಪಷ್ಟವಾಗಲಾರದು. ಚಿತ್ರವನ್ನು ಮೊದಲು ಕಾಗದದ ಮೇಲೆ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಮುದ್ರಿಸಿ, ಕಾವಿಗೆ ಕರಗದ ಟೇಪಿನಿಂದ ಮಗ್‌ಗೆ ಬಿಗಿದು, ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ ಕೆಲವು ನಿಮಿಷ ಇಡುತ್ತಾರೆ. ಶಾಯಿಯೊಳಗಿನ ಬಣ್ಣವು ದ್ರವವಾಗದೆ ನೇರವಾಗಿ ಆವಿಯಾಗಿ ಮಗ್‌ನ ಮೇಲಿರುವ ಪಾಲಿಮರ್ ಲೇಪದೊಳಕ್ಕೆ ಇಳಿಯುತ್ತದೆ. ಶಾಲೆಯ ವಿಜ್ಞಾನ ಪಾಠದಲ್ಲಿ ಕರ್ಪೂರದ ಉದಾಹರಣೆಯೊಡನೆ ಬರುವ ‘ಉತ್ಪತನ’ ಇದೇ ಆದರೂ, ಅಂಗಡಿಯಲ್ಲಿ ಎಲ್ಲರೂ ಸಬ್ಲಿಮೇಷನ್ ಎಂದೇ ಹೇಳುವುದರಿಂದ ಆ ಪದವನ್ನು ನಾನು ಮುಟ್ಟಿಲ್ಲ.

ತೊಂದರೆ ಎದ್ದು ಕಾಣುವುದು ಅಕ್ಷರಗಳಿರುವ ಮಗ್‌ನಲ್ಲಿ ಅಲ್ಲ, ಒಂದೇ ಬಣ್ಣ ದಟ್ಟವಾಗಿ ಹರಡಿರುವ ಮಗ್‌ನಲ್ಲಿ. ನವೆಂಬರ್ ಸಮೀಪಿಸಿದಾಗ ರಾಜ್ಯೋತ್ಸವಕ್ಕೆಂದು ಮಾಡಿಸುವ ಹಳದಿ ಕೆಂಪು ಬಾವುಟದ ಮಗ್ ಇದಕ್ಕೆ ಒಳ್ಳೆಯ ನಿದರ್ಶನ. ಮೇಲಿನ ಹಳದಿ ಚೆನ್ನಾಗಿಯೇ ಬಂದಿರುತ್ತದೆ. ಕೆಂಪು ಮಾತ್ರ ತಳದ ಅಂಚಿಗೆ ಇಳಿಯುತ್ತ ತೆಳುವಾಗಿ ಗುಲಾಬಿಗೆ ತಿರುಗಿರುತ್ತದೆ. ಮಗ್‌ನ ತಳ ದಪ್ಪವಾಗಿರುವುದರಿಂದ ಅದು ಹೆಚ್ಚು ಶಾಖವನ್ನು ಹೀರುತ್ತದೆ, ಪ್ರೆಸ್ಸಿನಲ್ಲಿ ಮಗ್ ಅನ್ನು ಸುತ್ತಿ ಕಾಯಿಸುವ ಪಟ್ಟಿಯ ಅಂಚು ನಡುಭಾಗದಷ್ಟು ಕಾದಿರುವುದಿಲ್ಲ, ಮಗ್ ಕೆಳಗೆ ತುಸು ಕಿರಿದಾಗಿದ್ದರೆ ಪಟ್ಟಿ ಅಲ್ಲಿ ಬಿಗಿಯಾಗಿ ಒತ್ತುವುದೂ ಇಲ್ಲ. ಹಿಡಿಯ ಎರಡು ಪಕ್ಕಗಳಲ್ಲಿಯೂ ಪಟ್ಟಿ ಸುತ್ತಿಕೊಳ್ಳಲಾಗದೆ ಹೀಗೆಯೇ ಆಗುತ್ತದೆ. ಪ್ರೆಸ್ಸಿನ ಫಲಕದಲ್ಲಿ ಕಾಣುವ ಅಂಕಿ ತಾಪ ಅಳೆಯುವ ಸಂವೇದಕವಿರುವ ಜಾಗದ ತಾಪ ಮಾತ್ರ; ಅದನ್ನು ಇಡೀ ಮಗ್‌ನ ತಾಪವೆಂದು ಓದುವವರೇ ಹೆಚ್ಚು.

ಮೊದಲು ನಾನು ‘ಶಾಖದ ಏರುಪೇರು’ ಎಂದು ಬರೆದುಕೊಂಡಿದ್ದೆ. ಆದರೆ ಏರುಪೇರು ಎಂದೊಡನೆ ಹೊತ್ತಿನಿಂದ ಹೊತ್ತಿಗೆ ಹೆಚ್ಚುಕಡಿಮೆಯಾಗುವುದೇ ಮನಸ್ಸಿಗೆ ಬರುತ್ತದೆ. ಆ ದೋಷವೂ ಪ್ರೆಸ್ಸಿನಲ್ಲಿ ಉಂಟು: ಬೆಳಿಗ್ಗೆ ಯಂತ್ರ ಪೂರ್ತಿ ಕಾಯುವ ಮುನ್ನ ಇಟ್ಟ ಮಗ್ ಮೈಯೆಲ್ಲ ಮಸುಕಾಗಿ ಬರುತ್ತದೆ. ಅದಕ್ಕೆ ಮದ್ದು ಯಂತ್ರ ಬಿಸಿಯಾಗುವವರೆಗೆ ಇನ್ನಷ್ಟು ಹೊತ್ತು ತಡೆಯುವುದು. ನಾನು ಹೇಳುತ್ತಿರುವ ದೋಷಕ್ಕೆ ಮದ್ದು ಪಟ್ಟಿಯ ಬಿಗಿ ಸರಿಪಡಿಸುವುದು, ಮಗ್ ಅನ್ನು ಪಟ್ಟಿಯ ನಡುವಿಗೆ ಕೂರಿಸುವುದು, ಸವೆದ ಪಟ್ಟಿಯನ್ನು ಬದಲಿಸುವುದು, ಇಲ್ಲವೇ ಚಿತ್ರವನ್ನು ಅಂಚಿನಿಂದ ಒಳಗೆ ಸರಿಸುವುದು. ಎರಡಕ್ಕೂ ಒಂದೇ ಪದ ಬಳಸಿದರೆ ಕೆಲಸಗಾರನು ಸಮಯವನ್ನೇ ಹೆಚ್ಚಿಸುತ್ತಾನೆ. ಆಗ ಮೊದಲೇ ಸರಿಯಾಗಿದ್ದ ಭಾಗ ಅತಿಯಾಗಿ ಕಾದು, ಕಪ್ಪು ಕಂದಾಗಿ, ಗೆರೆಗಳ ಅಂಚು ಹರಡಿಕೊಳ್ಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ‘ಒಂದೇ ಸಮ’ ಎಂಬ ನುಡಿ. ‘ಮಗ್ ಒಂದೇ ಸಮನೆ ಕಾಯಬೇಕು’ ಎಂಬ ವಾಕ್ಯ ಬರೆಯುವವನಿಗೆ ಸರಿಯೆನಿಸಿದರೂ, ಮಗು ಒಂದೇ ಸಮನೆ ಅಳುತ್ತಿದೆ, ಮಳೆ ಒಂದೇ ಸಮನೆ ಸುರಿಯುತ್ತಿದೆ ಎಂದು ದಿನವೂ ಆಡುವವರಿಗೆ ಅದರ ಅರ್ಥ ಬಿಡುವಿಲ್ಲದೆ ಎಂದೇ. ‘ಕಾಯು’ ಎಂಬ ಕ್ರಿಯಾಪದಕ್ಕೆ ಬಿಸಿಯಾಗು, ನಿರೀಕ್ಷಿಸು ಎಂಬ ಎರಡು ಅರ್ಥಗಳೂ ಇರುವುದರಿಂದ ‘ಮಗ್ ಕಾಯುವವರೆಗೆ ಕಾಯಿರಿ’ ಎಂಬಂಥ ವಾಕ್ಯಗಳು ಕೈಪಿಡಿಯಲ್ಲಿ ನಗೆ ತರಿಸುವಂತಾಗುತ್ತವೆ. ‘ಅಸಮ ಉಷ್ಣ’ ಶುದ್ಧವಾಗಿಯೇ ಇದೆ, ಆದರೆ ಉಷ್ಣವೆಂದರೆ ಮಜ್ಜಿಗೆ ಕುಡಿಯಬೇಕಾದ ದೇಹಸ್ಥಿತಿ ಎಂದು ತಿಳಿಯುವವರ ಮುಂದೆ ಅದನ್ನು ಇಡಲು ಮನಸ್ಸು ಬರುತ್ತಿಲ್ಲ. ‘ಅರೆಗಾವು’ ಎಂಬುದು ಹೊಳೆಯಿತು. ಕಿವಿಗೆ ಹಿತವಾಗಿದೆ, ಆದರೆ ಒಟ್ಟಾರೆ ಕಾವು ಸಾಲದು ಎಂಬ ಅರ್ಥ ಕೊಡುತ್ತದೆ. ಸದ್ಯಕ್ಕೆ ‘ಎಲ್ಲ ಕಡೆ ಸಮನಾಗಿ ಕಾವು ತಗುಲದಿರುವುದು’ ಎಂದು ಬಿಡಿಸಿ ಬರೆದಿದ್ದೇನೆ. ಅರ್ಥಕ್ಕೆ ಕುಂದಿಲ್ಲವಾದರೂ ದೋಷಗಳ ಪಟ್ಟಿಯಲ್ಲಿ ತಲೆಬರಹವಾಗುವಷ್ಟು ಚಿಕ್ಕದಲ್ಲ.

ಜೊತೆಗೊಂದು ಉಪಪ್ರಶ್ನೆ. ಕಾವು ಸಾಲದ ಜಾಗದ ಬಣ್ಣಕ್ಕೆ ‘ಮಾಸಿದೆ’ ಎಂದು ಕೆಲವರು ಬರೆಯುತ್ತಾರೆ. ಬಳಸಿ ಬಳಸಿ ಬಣ್ಣಗೆಟ್ಟದ್ದು ಮಾಸಿದ್ದು. ಇಲ್ಲಿ ಬಣ್ಣ ಇನ್ನೂ ಹತ್ತಿಯೇ ಇಲ್ಲ. ಹಾಗಾಗಿ ‘ಬಣ್ಣ ಹಿಡಿದಿಲ್ಲ’ ಎಂಬುದೇ ಮೇಲೆಂದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಕಾಗದ ತೇವ ಹೀರಿದಾಗ ಬೀಳುವ ಮಚ್ಚೆಗಳಿಗೆ ಕಾವಿನ ಕೊರತೆ ಕಾರಣವಲ್ಲವಾದ್ದರಿಂದ ಅವನ್ನು ಬೇರೆಯಾಗಿಯೇ ಇಟ್ಟಿದ್ದೇನೆ.

ಆವಿಗೆಯಲ್ಲಿ ಒಂದು ಬದಿಯ ಮಡಕೆ ಬೆಂದು ಇನ್ನೊಂದು ಬದಿಯದು ಬೇಯದಿದ್ದರೆ ಕುಂಬಾರರು ಅದಕ್ಕೆ ಏನಾದರೂ ಹೆಸರಿಟ್ಟಿರಲೇಬೇಕು. ಪಾಟರಿ ಟೌನಿನ ಕುಂಬಾರರ ಒಡನಾಟ ಇರುವವರು, ಅಥವಾ ಬೇಕರಿಯ ಒಲೆಯ ಮುಂದೆ ಬ್ರೆಡ್ಡಿನ ತಟ್ಟೆಗಳನ್ನು ಹಿಂದುಮುಂದು ತಿರುಗಿಸುವವರ ಮಾತನ್ನು ಬಲ್ಲವರು, ಅಂಥ ಪದವಿದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.