ಜಗಳ ಮುಗಿದು ಗಂಟೆ ಕಳೆದರೂ ಬಿಪಿ ಇಳಿಯುವುದಿಲ್ಲ ಏಕೆ?

ಕುತೂಹಲಿ_58:
ಬೈದಾಡಿದ್ದು ಐದು ನಿಮಿಷ, ಅದೇ ಮಾತು ತಲೆಯಲ್ಲಿ ಸುತ್ತುವುದು ರಾತ್ರಿಯವರೆಗೆ. ಬೇರೆ ದಿನ 130ರ ಆಸುಪಾಸು ಇರುವ ಬಿಪಿ ಅಂಥ ದಿನ 150 ದಾಟುತ್ತದೆ. ಹೃದಯಕ್ಕೆ ಪೆಟ್ಟು ಕೊಡುವುದು ಕೋಪವೋ, ಆಮೇಲೆ ಹಾಕುವ ಮೆಲುಕೋ? ಕೋಪ ಅದುಮಿಡಬಾರದು, ಹೊರಗೆ ಹಾಕಿಬಿಡಬೇಕು ಅಂತಾರಲ್ಲ, ಅದು ನಿಜವೇ? ಬಿಪಿ ಮಾತ್ರೆ ತಗೊಳ್ಳುವವರು ಆ ಹೊತ್ತಿಗೆ ಒಂದು ಹೆಚ್ಚಿಗೆ ನುಂಗಬಹುದೇ? "ಶಾಂತವಾಗಿರಿ" ಅನ್ನುವ ಉಪದೇಶ ಬೇಡ, ದೇಹದಲ್ಲಿ ಏನಾಗುತ್ತದೆ ಅಂತ ತಿಳಿದವರು ಹೇಳಿ.

ನಾಡಿಮಿಡಿತ:
ಎರಡೂ ಪೆಟ್ಟು ಕೊಡುತ್ತವೆ. ಸಿಟ್ಟು ನೆತ್ತಿಗೇರಿದ ಕೂಡಲೇ ಅಡ್ರಿನಾಲಿನ್ ಎಂಬ ಹಾರ್ಮೋನು ಚಿಮ್ಮುತ್ತದೆ, ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಲು ಸಿದ್ಧವಾಗುತ್ತವೆ. ನಾಳದಲ್ಲಿ ಮೊದಲೇ ಕೊಬ್ಬಿನ ಗಡ್ಡೆ ಇದ್ದರೆ ಅದು ಬಿರಿದು, ಅಲ್ಲೇ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಈಗ ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಕೋಪ ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು.

"ಐದು ಪಟ್ಟು" ಅಂದಾಕ್ಷಣ ಗಾಬರಿ ಬೇಡ. ಬೇರೆ ಅಪಾಯ ಕಡಿಮೆ ಇರುವ 10,000 ಜನ ತಿಂಗಳಿಗೊಮ್ಮೆ ಹಾಗೆ ಸಿಡಿದರೆ ವರ್ಷಕ್ಕೆ ಹೆಚ್ಚುವರಿಯಾಗಿ ಒಂದು ಹೃದಯಾಘಾತ ಅಂತ ಅದೇ ವಿಶ್ಲೇಷಣೆಯ ಲೆಕ್ಕ. ದಿನಕ್ಕೆ ಐದು ಸಲ ಸಿಡಿಯುವವರಾದರೆ 158. ಎಷ್ಟು ಸಲ ಅನ್ನುವುದೇ ಇಲ್ಲಿ ಮುಖ್ಯ.

ಇನ್ನು ಮೆಲುಕು. 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಾದ 280 ಜನರನ್ನು ಗುಂಪು ಮಾಡಿ, ಕೋಪ, ಆತಂಕ, ದುಃಖ ಇವುಗಳಲ್ಲಿ ಒಂದನ್ನು ಎಂಟು ನಿಮಿಷ ಕೆರಳಿಸಿದರು. ಒಂದು ಗುಂಪಿಗೆ ಸುಮ್ಮನೆ 1ರಿಂದ 100ರವರೆಗೆ ಎಣಿಸುವ ಕೆಲಸ. ಕೋಪದ ಗುಂಪಿನಲ್ಲಿ ಮಾತ್ರ ರಕ್ತನಾಳ ಹಿಗ್ಗುವ ಶಕ್ತಿ ಕುಗ್ಗಿತು, ಅದೂ ನಲವತ್ತು ನಿಮಿಷದವರೆಗೆ. ಗಮನಿಸಿ: ಅಲ್ಲಿ ಯಾರೂ ಜಗಳ ಆಡಲಿಲ್ಲ. ಹಳೆಯ ಸಿಟ್ಟನ್ನು ನೆನಪಿಸಿಕೊಂಡರು, ಅಷ್ಟೇ. ಅಂದರೆ ಮೆಲುಕು ಹಾಕಿದ ಪ್ರತಿ ಸಲವೂ ನಾಳ ಮತ್ತೆ ಬಿಗಿಯುವ ಸಾಧ್ಯತೆ ಇದೆ. ಒಂದು ಸಲಕ್ಕೆ ನಾಳ ಶಾಶ್ವತವಾಗಿ ಕೆಡುತ್ತದೆ ಅಂತ ಅದು ತೋರಿಸಿಲ್ಲ.

ನಿದ್ದೆಯ ಲೆಕ್ಕವೂ ಇದೆ. ರಾತ್ರಿ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯಬೇಕು. ಒಳಗೊಳಗೇ ಕುದಿಯುತ್ತಾ ಹೊರಳಾಡಿದರೆ ಆ ವಿಶ್ರಾಂತಿಯೂ ಸರಿಯಾಗಿ ಸಿಗುವುದಿಲ್ಲ.

ಒಂದು_ಉಸಿರು:
"ಹೊರಗೆ ಹಾಕಿಬಿಡಿ" ಅನ್ನುವುದು ಬಹಳ ಹಳೆಯ ತಪ್ಪು ಸಲಹೆ. ಸಿಟ್ಟು ತರಿಸಿದವನನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಕೋಪ, ಸುಮ್ಮನೆ ಕೂತವರಿಗಿಂತ ಹೆಚ್ಚೇ ಆಯಿತು (2002ರ ಪ್ರಯೋಗ). 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2024ರ ವಿಶ್ಲೇಷಣೆಯೂ ಅದನ್ನೇ ಹೇಳುತ್ತದೆ: ದೇಹದ ಕಾವು (ಬಡಿತ, ಉಸಿರಿನ ಏರಿಕೆ) ಇಳಿಸುವ ಕೆಲಸ ಕೋಪ ಇಳಿಸುತ್ತದೆ, ಕಾವು ಏರಿಸುವ ಕೆಲಸ ಇಳಿಸುವುದಿಲ್ಲ.

ಮೊದಲು ಉಸಿರು. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಕ್ಕೆ, ಆರು ಎಣಿಸುತ್ತಾ ಹೊರಕ್ಕೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಎಲ್ಲರೂ ಎಡವುವುದು ಒಂದೇ ಕಡೆ: "ದೀರ್ಘ" ಅಂದರೆ ಎದೆ ತುಂಬ ಎಳೆಯುವುದು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ನಿಧಾನ ಬೇಕು, ಆಳ ಬೇಡ.

ಆಮೇಲೆ ಗಮನ ಪೂರ್ತಿ ಬೇಡುವ ಕೆಲಸ ಹಿಡಿಯಿರಿ. ಮೊಬೈಲ್ ಉಜ್ಜುವುದರಿಂದ ಆಗದು, ಬೆರಳು ಆಡುತ್ತಿರುತ್ತದೆ, ತಲೆ ಜಗಳದಲ್ಲೇ ಇರುತ್ತದೆ. ಯೋಚನೆ ಮತ್ತೆ ಬಂದರೆ ಒದ್ದು ಓಡಿಸಲು ಹೋಗಬೇಡಿ, "ಸಂಜೆ ಆರಕ್ಕೆ" ಅಂತ ಮುಂದೂಡಿ. ಆರಕ್ಕೆ ಇಪ್ಪತ್ತು ನಿಮಿಷ, ಕಾಗದದಲ್ಲಿ ಎರಡು ಕಲಂ: ಏನಾಯಿತು, ನಾಳೆ ಏನು ಮಾಡಬಹುದು. ಎರಡನೆಯದು ಖಾಲಿ ಉಳಿದು ಮೊದಲನೆಯದೇ ಬೆಳೆಯುತ್ತಿದ್ದರೆ ಅದು ಯೋಚನೆಯಲ್ಲ, ಬರೀ ಮೆಲುಕು, ಪೆನ್ನು ಕೆಳಗಿಡಿ. ಈ ಸಮಯವನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ನೆನಪು ಮಾಡಿಕೊಳ್ಳಲೇಬೇಕಾದರೆ ಕೋಣೆಯ ಮೂಲೆಯಲ್ಲಿ ನಿಂತ ಮೂರನೆಯವರಂತೆ ನೋಡಿ. ಹಾಗೆ ನೋಡಿದವರ ಬಿಪಿ ಕಡಿಮೆ ಏರುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ.

ಪಟ್ಟಿ_ಮತ್ತು_ಪಾದರಸ:
ಮಾತ್ರೆಯ ಪ್ರಶ್ನೆಗೆ ನೇರ ಉತ್ತರ: ಬೇಡ. ಹೆಚ್ಚಿನ ಬಿಪಿ ಮಾತ್ರೆಗಳು ಕೆಲಸ ಶುರುಮಾಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಬಿಪಿ ತಾನೇ ಇಳಿದಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳಬಹುದು. ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನಿಸುವ ಮಾತ್ರೆ) ತಗೊಳ್ಳುತ್ತಿದ್ದರೆ ಅದನ್ನು ಥಟ್ಟನೆ ನಿಲ್ಲಿಸಲೂಬಾರದು.

ಸಿಟ್ಟಿನಲ್ಲಿ ನೋಡಿದ 150ರ ಆಧಾರದ ಮೇಲೆ ಯಾವ ವೈದ್ಯರೂ ಡೋಸ್ ನಿರ್ಧರಿಸುವುದಿಲ್ಲ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ, ನಡುವೆ ಮಾತಾಡಿದರೂ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಮೇಲಿದ್ದರೆ ಆ ಅಂಕಿಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ.

ಕುತೂಹಲಿ_58:
ಉಪಕಾರವಾಯಿತು. ಸಿಟ್ಟು ಬಂದಾಗ ಓಡಲು ಹೋಗುವವರ ಕಥೆ?

ನಾಡಿಮಿಡಿತ:
ಅದೇ ಗಂಟೆಯಲ್ಲಿ ಬೇಡ. 52 ದೇಶಗಳ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ (2016) ಕೋಪ ಒಂದೇ ಇದ್ದಾಗ ಹೃದಯಾಘಾತದ ಸಾಧ್ಯತೆ ಎರಡು ಪಟ್ಟು, ಜೊತೆಗೆ ಭಾರಿ ದೈಹಿಕ ಶ್ರಮವೂ ಸೇರಿದರೆ ಮೂರು ಪಟ್ಟು. ಮಾತಾಡಿಕೊಂಡು ನಡೆಯುವಷ್ಟು ನಿಧಾನದ ನಡಿಗೆ ಸಾಕು. ನಿತ್ಯದ ವ್ಯಾಯಾಮ ಬಿಡಬೇಡಿ, ಸಿಟ್ಟಿನ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಎದೆ ಹಿಂಡಿದಂತಾಗಿ ತಣ್ಣನೆ ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಹರಿದರೆ, ಅಥವಾ ನೋವು ಹತ್ತು ನಿಮಿಷವಾದರೂ ಬಿಡದಿದ್ದರೆ "ಟೆನ್ಷನ್‌ನಿಂದ" ಅಂತ ಮಲಗಬೇಡಿ, ಆಂಬುಲೆನ್ಸ್ ಕರೆಸಿ. ಸ್ವತಃ ಗಾಡಿ ಓಡಿಸಿಕೊಂಡು ಹೋಗಬೇಡಿ.