ಅಪ್‌ಡೇಟ್: ಕಾವು ಕೂತಿದ್ದ ನಾಟಿ ಕೋಳಿ, ಗಿರಿರಾಜ ಮೊಟ್ಟೆ

ಗಿರಿರಾಜ ತಳಿಯ ಕೋಳಿಗಳು ಕಾವಿಗೆ ಕೂರೋದು ಅಪರೂಪ, ಅವುಗಳ ಮೊಟ್ಟೆಯನ್ನ ನಾಟಿ ಕೋಳಿ ಕೆಳಗೆ ಇಡಬಹುದಾ, ಬುಟ್ಟಿಗೆ ಹತ್ತಿರೋ ಹೇನಿಗೆ ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಮರಿಗಳು ಹೊರಬಂದಿವೆ!

ನೀವು ಹೇಳಿದ ಹಾಗೆ ಹಳೇ ಹುಲ್ಲು ಸುಟ್ಟು, ಬುಟ್ಟಿಯನ್ನ ಬಿಸಿಲಲ್ಲಿ ಒಣಗಿಸಿ, ಒಲೆ ಬೂದಿ, ಬೇವಿನ ಸೊಪ್ಪು ಹಾಕಿ ಹೊಸ ಹುಲ್ಲು ಹಾಸಿದೆ. ಕೋಳಿ ಮೈ ಕೊಡವಿಕೊಳ್ಳೋದು ಕಮ್ಮಿಯಾಯ್ತು. ವಾರ ಕಳೆದ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದಾಗ ಕೆಲವು ಮೊಟ್ಟೆಯೊಳಗೆ ಕೆಂಪು ನರಗಳು ಜೇಡರ ಬಲೆ ಥರ ಹರಡಿದ್ದವು, ನಡುವೆ ಒಂದು ಕಪ್ಪು ಚುಕ್ಕೆ ಅಲ್ಲಾಡ್ತಿತ್ತು. ಏನೂ ಕಟ್ಟದವನ್ನ ತೆಗೆದುಬಿಟ್ಟೆ. 21ನೇ ದಿನಕ್ಕೆ ಸರಿಯಾಗಿ ಚಿಪ್ಪು ಒಡೀತು.

ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದೀನಿ, ಮರಿ ಮುಳುಗಬಾರದಲ್ಲ. ತಿನ್ನೋಕೆ ಅಕ್ಕಿ ನುಚ್ಚು, ಜೊತೆಗೆ ಮರಿ ಫೀಡ್.

ಕೊಕ್ಕರೆ ರೋಗ (ರಾಣಿಖೇತ್) ತಡೆಯೋ ಲಸೋಟ ಅನ್ನೋ ಲಸಿಕೆ ಹನಿಯನ್ನ ಮೊದಲ ವಾರದಲ್ಲೇ ಮರಿಗಳ ಕಣ್ಣಿಗೆ ಹಾಕಿಸಿ, ದಯವಿಟ್ಟು ಬಿಡಬೇಡಿ. ಬೆರೆಸಿದ ಲಸಿಕೆ ಒಂದೆರಡು ಗಂಟೆಯಲ್ಲಿ ಮುಗಿಯಬೇಕು, ಐಸ್ ಮೇಲೇ ಇರಬೇಕು. ಒಂದು ಬಾಟಲಿ ನೂರಾರು ಮರಿಗೆ ಆಗುತ್ತೆ, ಹಾಗಾಗಿ ಅಕ್ಕಪಕ್ಕದ ಮನೆಯವರನ್ನೂ ಕರೆದು ಒಟ್ಟಿಗೇ ಹಾಕಿಸಿದ್ವಿ.

ಈಗ ಹದ್ದಿನ ಭಯ. ಮೇಲೆ ಬಲೆ ಕಟ್ಟೋ ಕೆಲಸ ನಡೀತಿದೆ.